ಸಿಆರ್‌ಪಿ ಇಳಿದ ಮೇಲೂ ಎಕೊ ಬೇಕೆ?

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಆರು ದಿನವಾದರೂ ಜ್ವರ ಬಿಡದೆ, ಕಣ್ಣು ಕೆಂಪಾಗಿ, ತುಟಿ ಬಿರಿದಾಗ ಕವಾಸಾಕಿ ಕಾಯಿಲೆ (ಮಕ್ಕಳ ರಕ್ತನಾಳಗಳ ಉರಿಯೂತ) ಎಂದು ಐವಿಐಜಿ (ನರದ ಮೂಲಕ ಕೊಡುವ ಪ್ರತಿಕಾಯಗಳ ಔಷಧ) ಕೊಟ್ಟರು. ಅಂದು ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) 112, ಸೋಡಿಯಂ 131, ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಶೇ 82, ಎಸ್‌ಜಿಒಟಿ (ಯಕೃತ್ತಿನ ಕಿಣ್ವ) 64, ಪ್ಲೇಟ್‌ಲೆಟ್ 3.4 ಲಕ್ಷ. ಮೊದಲ ಎಕೊ (ಹೃದಯದ ಸ್ಕ್ಯಾನ್) ನಾರ್ಮಲ್. ಎರಡು ವಾರವಾಯಿತು, ಜ್ವರವಿಲ್ಲ, ಸಿಆರ್‌ಪಿ 4, ಆದರೆ ಪ್ಲೇಟ್‌ಲೆಟ್ 7.2 ಲಕ್ಷ. ಹೃದಯಕ್ಕೆ ತೊಂದರೆಯಾಗುತ್ತದೋ ಇಲ್ಲವೋ ರಕ್ತಪರೀಕ್ಷೆಯಲ್ಲೇ ತಿಳಿಯುವುದಿಲ್ಲವೇ?
— ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ಇಲ್ಲ, ಎಕೊ ಮತ್ತೆ ಮಾಡಿಸಲೇಬೇಕು. ಉರಿಯೂತ ಎಷ್ಟು ಜೋರಾಗಿದೆ ಎಂದು ರಕ್ತ ಹೇಳುತ್ತದೆ. ಹೃದಯಕ್ಕೆ ರಕ್ತ ಒದಗಿಸುವ ಕರೋನರಿ ರಕ್ತನಾಳ ಉಬ್ಬಿದೆಯೇ ಎಂಬುದು ಕಾಣುವುದು ರಕ್ತಪರೀಕ್ಷೆಯಲ್ಲಲ್ಲ, ಎಕೊದಲ್ಲಿ. ಜ್ವರ ಬಿಟ್ಟ ಮೇಲೂ ನಾಳ ಹಿಗ್ಗಬಹುದು.

ಹಾಗೆಂದು ಮೊದಲ ದಿನದ ರಿಪೋರ್ಟ್ ವ್ಯರ್ಥವಲ್ಲ. ಯಾವ ಮಗುವಿನ ಕಾಯಿಲೆ ಐವಿಐಜಿಗೆ ಜಗ್ಗಲಾರದು ಎಂದು ಊಹಿಸಲು ಜಪಾನಿನಲ್ಲಿ ಕೊಬಯಾಶಿ ಅಂಕ ಎಂಬ ಲೆಕ್ಕವಿದೆ. ಸೋಡಿಯಂ 133 ಅಥವಾ ಕಡಿಮೆ, ನ್ಯೂಟ್ರೋಫಿಲ್ ಶೇ 80 ಅಥವಾ ಹೆಚ್ಚು, ಎಸ್‌ಜಿಒಟಿ 100 ಅಥವಾ ಹೆಚ್ಚು, ಜ್ವರದ ನಾಲ್ಕನೇ ದಿನದೊಳಗೇ ಚಿಕಿತ್ಸೆ: ಇವಕ್ಕೆ ತಲಾ 2 ಅಂಕ. ಪ್ಲೇಟ್‌ಲೆಟ್ 3 ಲಕ್ಷ ಅಥವಾ ಕಡಿಮೆ, ವಯಸ್ಸು 12 ತಿಂಗಳೊಳಗೆ, ಸಿಆರ್‌ಪಿ 10 ಅಥವಾ ಹೆಚ್ಚು: ಇವಕ್ಕೆ ತಲಾ 1. ಈ 10 ಎಂಬುದು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. ನಮ್ಮ ಲ್ಯಾಬ್‌ಗಳು ಸಾಮಾನ್ಯವಾಗಿ ಲೀಟರಿಗೆ ಬರೆಯುವುದರಿಂದ ಅದು ಇಲ್ಲಿ 100 ಆಗುತ್ತದೆ. ಘಟಕ ನೋಡದೆ ಓದಿದರೆ ಸಾಧಾರಣ ಸಿಆರ್‌ಪಿಯೂ ಭಯಂಕರವಾಗಿ ಕಾಣುತ್ತದೆ. ನಿಮ್ಮ ಮಗನಿಗೆ ಸೋಡಿಯಂನಿಂದ 2, ನ್ಯೂಟ್ರೋಫಿಲ್‌ನಿಂದ 2, ಸಿಆರ್‌ಪಿಯಿಂದ 1, ಒಟ್ಟು 5. ನಾಲ್ಕು ಅಥವಾ ಹೆಚ್ಚು ಬಂದರೆ ಅಪಾಯ ಹೆಚ್ಚು ಎಂದು ಎಣಿಸುತ್ತಾರೆ. ಆದರೆ ಜಪಾನಿನ ಆಚೆ ಈ ಲೆಕ್ಕ ಅಷ್ಟು ನಂಬಿಕಸ್ಥವಲ್ಲ; ಕಡಿಮೆ ಅಂಕದ ಎಷ್ಟೋ ಮಕ್ಕಳಿಗೂ ಔಷಧ ನಾಟುವುದಿಲ್ಲ. ನಿಜವಾದ ಪರೀಕ್ಷೆ ಐವಿಐಜಿ ಮುಗಿದು 36 ಗಂಟೆಯ ನಂತರ ಜ್ವರ ಉಳಿದಿದೆಯೇ, ಮರುಕಳಿಸಿತೇ ಎಂಬುದು. ಅದನ್ನು ನಿಮ್ಮ ಮಗ ದಾಟಿದ್ದಾನೆ, ಅದು ಸಮಾಧಾನದ ವಿಷಯ.

ಪ್ಲೇಟ್‌ಲೆಟ್ 7.2 ಲಕ್ಷಕ್ಕೆ ಗಾಬರಿ ಬೇಡ. ಡೆಂಗಿಯಲ್ಲಿ ಇಳಿಯುವುದನ್ನೇ ನೋಡಿದ ನಮಗೆ ಏರಿಕೆ ವಿಚಿತ್ರವೆನಿಸುತ್ತದೆ, ಆದರೆ ಈ ಕಾಯಿಲೆಯಲ್ಲಿ ಎರಡನೇ, ಮೂರನೇ ವಾರ ಹೀಗೆ ಏರಿ ಆಮೇಲೆ ತಾನೇ ಇಳಿಯುತ್ತದೆ. ಕಡಿಮೆ ಡೋಸ್ ಆಸ್ಪಿರಿನ್, ಅಂದರೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 3ರಿಂದ 5 ಮಿಲಿಗ್ರಾಂ, ಕೊಡುವುದು ರಕ್ತ ಹೆಪ್ಪುಗಟ್ಟದಿರಲೆಂದೇ. ಹೆದರಬೇಕಾದದ್ದು ಜ್ವರ ಮುಂದುವರಿದು ಪ್ಲೇಟ್‌ಲೆಟ್ ಕುಸಿದು ಫೆರಿಟಿನ್ (ಕಬ್ಬಿಣಾಂಶ ಹಿಡಿದಿಡುವ ಪ್ರೋಟೀನ್) ಗಗನಕ್ಕೇರಿದಾಗ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉರಿಯೂತ ಅಳೆಯುವ ಇನ್ನೊಂದು ರಕ್ತಪರೀಕ್ಷೆಯಾದ ಇಎಸ್‌ಆರ್ ಅನ್ನು ಈಗ ಲೆಕ್ಕಕ್ಕೆ ಹಿಡಿಯಬೇಡಿ, ಐವಿಐಜಿಯೇ ಅದನ್ನು ಏರಿಸುತ್ತದೆ.

ಎಕೊ ಈಗೊಮ್ಮೆ, ಚಿಕಿತ್ಸೆಯಾದ 4ರಿಂದ 6 ವಾರಕ್ಕೆ ಮತ್ತೊಮ್ಮೆ. ಜಯದೇವ ಆಸ್ಪತ್ರೆಯಂಥ, ಮಕ್ಕಳ ಹೃದ್ರೋಗ ವಿಭಾಗವಿರುವ ಕಡೆ ಮಾಡಿಸಿ. ಅಂದೇ ಎತ್ತರ, ತೂಕ ಅಳೆಸಿ, ಏಕೆಂದರೆ ನಾಳದ ಅಳತೆಯನ್ನು ಮಗುವಿನ ಮೈಗಾತ್ರಕ್ಕೆ ಹೋಲಿಸಿಯೇ ಝೆಡ್ ಸ್ಕೋರ್ ಬರುವುದು. 2.5 ಮುಟ್ಟಿದರೆ ನಾಳ ಉಬ್ಬಿದೆ ಎಂದರ್ಥ. ರಿಪೋರ್ಟಿನಲ್ಲಿ ಬರೀ ‘ನಾರ್ಮಲ್’ ಎಂದಿದ್ದರೆ ಅಂಕಿ ಬರೆಸಿಕೊಳ್ಳಿ. ಮುಂದಿನ ಎಕೊ ಹೋಲಿಸಲು ಅದೇ ಆಧಾರ. ಚಿಕಿತ್ಸೆಯಿಲ್ಲದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿನ ನಾಳ ಉಬ್ಬುತ್ತದೆ. ಹತ್ತು ದಿನದೊಳಗೆ ಐವಿಐಜಿ ಸಿಕ್ಕರೆ ಇದು ಶೇ 4ರ ಆಸುಪಾಸಿಗೆ ಇಳಿಯುತ್ತದೆ. ನಿಮಗೆ ಸಕಾಲದಲ್ಲಿ ಸಿಕ್ಕಿದೆ.

ಆಸ್ಪಿರಿನ್ ನಡೆಯುವಾಗ ಐಬುಪ್ರೊಫೆನ್ ಸಿರಪ್ ಕೊಡಬೇಡಿ, ಅದು ಆಸ್ಪಿರಿನ್ ಕೆಲಸವನ್ನು ತಡೆಯುತ್ತದೆ. ಮನೆಯಲ್ಲಿ ಯಾರಿಗಾದರೂ ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದರೆ ಅಂದೇ ವೈದ್ಯರಿಗೆ ಫೋನ್ ಮಾಡಿ. ಎಂಎಂಆರ್, ಚಿಕನ್‌ಪಾಕ್ಸ್ ಲಸಿಕೆ ಬಾಕಿಯಿದ್ದರೆ ಐವಿಐಜಿ ಕೊಟ್ಟ ದಿನದಿಂದ 11 ತಿಂಗಳು ಮುಂದೂಡಿ, ಆ ತಾರೀಖನ್ನು ಲಸಿಕೆ ಕಾರ್ಡಿನ ಮೇಲೆಯೇ ಬರೆಸಿ.