ಪ್ರ: ಚಾರ್ಟಿನ ದೀಪ, ಕಂಡ ದೀಪ ಬೇರೆ ಬೇರೆ
ಸಮುದ್ರದಲ್ಲಿ ದಾರಿ ತೋರಿಸುವ ದೀಪಕ್ಕೆ 10 ಸೆಕೆಂಡಿಗೆ 2 ಮಿನುಗು ಅಂತ ಚಾರ್ಟಿನಲ್ಲಿದೆ (ಸಮುದ್ರಯಾನದ ನಕ್ಷೆ), ರಾತ್ರಿ ಕಂಡದ್ದು ಒಂದೇ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡನ್ನೂ ಬೇಡ. ಜಿಪಿಎಸ್, ಆಳ ನೋಡಿ ಜಾಗ ಖಚಿತ ಮಾಡಿಕೊಳ್ಳಿ. ಸ್ಟಾಪ್‌ವಾಚ್ ಹಿಡಿದು ಮತ್ತೆ ಎಣಿಸಿ. ಸಣ್ಣ ದೋಣಿಯಾದರೆ ಅಲೆಯ ಮರೆಯಲ್ಲಿ ಒಂದು ಮಿನುಗು ತಪ್ಪುವುದು ಮಾಮೂಲು.

ಆಮೇಲೆ ಡೆಹ್ರಾಡೂನಿನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸು ಹದಿನೈದು ದಿನಕ್ಕೊಮ್ಮೆ ಹೊರಡಿಸುವ ‘ನೋಟಿಸಸ್ ಟು ಮರೈನರ್ಸ್’ (ಚಾರ್ಟಿನ ತಿದ್ದುಪಡಿಗಳನ್ನು ನಾವಿಕರಿಗೆ ತಿಳಿಸುವ ಪ್ರಕಟಣೆ) ತೆಗೆಯಿರಿ. ಚಾರ್ಟಿನ ಎಡ ಕೆಳಮೂಲೆಯಲ್ಲಿ ಕೊನೆಯ ತಿದ್ದುಪಡಿಯ ನಂಬರಿರುತ್ತದೆ. ಅದರ ನಂತರದ್ದೆಲ್ಲ ನೋಡಬೇಕು, ಬೇಜಾರಿನ ಕೆಲಸವೇ. ತಾತ್ಕಾಲಿಕ ನೋಟಿಸಾದರೆ ಪೆನ್ಸಿಲ್ಲಿನಲ್ಲಿ ಬರೆಯಿರಿ, ಶಾಯಿ ಬೇಡ. ದೀಪ ನಿನ್ನೆಯಷ್ಟೇ ಕೆಟ್ಟಿದ್ದರೆ ಈ ನೋಟಿಸುಗಳಲ್ಲಿ ಸಿಗಲ್ಲ. ಹಡಗುಗಳಿಗೆ ರೇಡಿಯೊ ಮೂಲಕ ಬರಹದಲ್ಲಿ ಬರುವ ನೇವ್‌ಟೆಕ್ಸ್ ಎಚ್ಚರಿಕೆಗಳನ್ನು (518 ಕಿಲೋಹರ್ಟ್ಸ್) ನೋಡಿ. ಎಲ್ಲೂ ಇಲ್ಲದಿದ್ದರೆ ಸಮಯ, ಜಾಗದ ಸಮೇತ ನೀವೇ ವರದಿ ಮಾಡಿ.