ಟರ್ಮಿನೇಟರ್ ಸರಣಿ: ಎರಡನೆಯದರ ನಂತರ ಯಾವುದನ್ನು ನೋಡಬಹುದು?

ಭವಿಷ್ಯದಿಂದ ಬರುವ ಯಂತ್ರಮಾನವರ ಕಥೆ ಹೇಳುವ ಟರ್ಮಿನೇಟರ್ ಚಿತ್ರಗಳಲ್ಲಿ ಮೂರನೆಯದು ತುಂಬಾ ಬೇಸರ ತರಿಸಿತು, ಎರಡನೆಯದರ ನಂತರ ಯಾವುದನ್ನು ನೋಡಬಹುದು ಎಂದು ಕೇಳಿದ್ದೀರಿ. ಮೂರನೆಯದು ನಿಮಗೆ ಅಷ್ಟೊಂದು ಬೇಸರ ತರಿಸಿದ್ದಕ್ಕೆ ಕಾರಣ, ಎರಡನೆಯ ಚಿತ್ರ ಮುಗಿಸಿದ್ದ ಕಥೆಯನ್ನು ಅದು ಮತ್ತೆ ಕೆದಕಿದ್ದೇ ಇರಬೇಕು. 1991ರ ಚಿತ್ರದ ಕೊನೆಯಲ್ಲಿ ಭವಿಷ್ಯದಿಂದ ಬಂದ ಕಂಪ್ಯೂಟರ್ ಚಿಪ್ ಅನ್ನು ಕರಗಿದ ಉಕ್ಕಿಗೆ ಎಸೆದು, ನಾಯಕಿಯನ್ನೂ ಅವಳ ಮಗನನ್ನೂ ಕಾಪಾಡಿದ ಯಂತ್ರಮಾನವನೂ ಸರಪಳಿ ಹಿಡಿದು ಅದರೊಳಗೆ ಇಳಿಯುತ್ತಾ ಹೆಬ್ಬೆರಳೆತ್ತುವಾಗ, ಮನುಷ್ಯ ತನ್ನ ವಿಧಿಯನ್ನು ಬದಲಿಸಬಲ್ಲ ಎಂಬ ಮಾತಿಗೆ ನಿಜವಾದ ಬೆಲೆ ಬರುತ್ತದೆ. 2003ರ ಮೂರನೆಯ ಚಿತ್ರವು ಆ ನಾಯಕಿ ಸಾರಾ ಕಾನರ್ ತೀರಿಕೊಂಡಳೆಂದು ಬರೀ ಮಾತಿನಲ್ಲಿ ತಿಳಿಸಿ, ಯಂತ್ರಗಳಿಂದ ಮನುಕುಲದ ವಿನಾಶ ಹೇಗೂ ತಪ್ಪದು ಎಂದು ಸಾರಿ ಆ ಬೆಲೆಯನ್ನೇ ಕಳೆಯುತ್ತದೆ. ಮೊದಲೆರಡನ್ನು ನಿರ್ದೇಶಿಸಿದ ಜೇಮ್ಸ್ ಕ್ಯಾಮೆರಾನ್ ಅದನ್ನು ನಿರ್ದೇಶಿಸಲಿಲ್ಲ.

ಪದವಿ ಓದುತ್ತಿರುವ ನಿಮ್ಮ ತಮ್ಮ ದಸರಾ ರಜೆಗೆ ಮೈಸೂರಿಗೆ ಬಂದಾಗ ಆರೂ ಚಿತ್ರಗಳನ್ನು ತೋರಿಸಬೇಕೇ ಎಂದು ಕೇಳಿದ್ದೀರಿ, ಬೇಡ. ಮೊದಲು 1984ರದ್ದನ್ನೂ ಮರುದಿನ 1991ರದ್ದನ್ನೂ ತೋರಿಸಿ ಅಲ್ಲಿಗೆ ನಿಲ್ಲಿಸಿ. ಮುಂದೇನು ಎಂದು ಅವನೇ ಕೇಳಿದರೆ, 2009 ಮತ್ತು 2015ರ ಚಿತ್ರಗಳನ್ನು ಬಿಟ್ಟು ನೇರವಾಗಿ 2019ರ ಡಾರ್ಕ್ ಫೇಟ್‌ಗೆ ಬನ್ನಿ. ಅದು ಎರಡನೆಯದರ ನಂತರದ ಎಲ್ಲವನ್ನೂ ಬದಿಗಿಟ್ಟು ಕಥೆಯನ್ನು ಮುಂದುವರಿಸುತ್ತದೆ, ಕ್ಯಾಮೆರಾನ್ ನಿರ್ಮಾಪಕರಾಗಿ ಮರಳಿದ್ದಾರೆ, ಸಾರಾ ಪಾತ್ರದಲ್ಲಿ ಲಿಂಡಾ ಹ್ಯಾಮಿಲ್ಟನ್ ಅವರ ಅಭಿನಯವಂತೂ ನನಗೆ ಬಹಳ ಹಿಡಿಸಿತು. ಆದರೆ ಅದರ ಆರಂಭದಲ್ಲೇ ಬರುವ ಒಂದು ಸಾವನ್ನು ನಿಮ್ಮಂಥ ಅಭಿಮಾನಿ ಒಪ್ಪಿಕೊಳ್ಳುವರೇ ಎಂದು ಖಚಿತವಾಗಿ ಹೇಳಲಾರೆ. ಆದ್ದರಿಂದ ತಮ್ಮನಿಗೆ ತೋರಿಸುವ ಮುನ್ನ ನೀವೊಬ್ಬರೇ ಒಮ್ಮೆ ನೋಡಿಕೊಳ್ಳಿ.