ಕಲ್ಲೆದೆಯ ನಾಯಕನಿಗೆ ಹೆಣ್ಣು ಸೋಲುವುದೇಕೆ?

ಪ್ರಶ್ನೆ: 1964ರ ‘ಗೋಲ್ಡ್‌ಫಿಂಗರ್’ ಮತ್ತೆ ನೋಡಿದೆ. ಹುಲ್ಲಿನ ಕೊಟ್ಟಿಗೆಯಲ್ಲಿ ಜೇಮ್ಸ್ ಬಾಂಡ್ ಆ ಮಹಿಳಾ ಪೈಲಟ್‌ಳನ್ನು ಕೆಡವಿ ಅದುಮಿ ಹಿಡಿಯುತ್ತಾನೆ. ಆಕೆ ತಳ್ಳುತ್ತಾಳೆ, ಮುಖ ತಿರುಗಿಸುತ್ತಾಳೆ. ಅರೆಗಳಿಗೆಯಲ್ಲಿ ಅವನನ್ನೇ ತಬ್ಬಿಕೊಳ್ಳುತ್ತಾಳೆ! ಇಂಥ ನಿರ್ದಯಿಗೆ ಹೆಂಗಸರು ಮರುಳಾಗುತ್ತಾರೆಂದು ಯಾಕೆ ತೋರಿಸುತ್ತಾರೆ?
– ಓದುಗರೊಬ್ಬರು, ಹಾಸನ

ಉತ್ತರ: ಆಕೆ ಸೋಲದೆ ಕತೆ ಮುಂದೆ ಹೋಗುವಂತಿರಲಿಲ್ಲ, ಅದಕ್ಕೇ ಸೋಲಿಸಿದರು. ಆನರ್ ಬ್ಲ್ಯಾಕ್‌ಮನ್ ನಟಿಸಿದ ಆ ಪಾತ್ರ ಖಳನಾಯಕನ ವಿಮಾನ ತಂಡದ ಮುಖ್ಯಸ್ಥೆ. ಅಮೆರಿಕದ ಚಿನ್ನದ ಖಜಾನೆಯಿರುವ ಫೋರ್ಟ್ ನಾಕ್ಸ್‌ನ ಸೈನಿಕರ ಮೇಲೆ ವಿಷಾನಿಲ ಸಿಂಪಡಿಸುವ ಹೊಣೆ ಅವಳದು. ಬಾಂಡ್ ಆ ಹೊತ್ತಿಗೆ ಸೆರೆಯಾಳು. ವಾಷಿಂಗ್ಟನ್‌ಗೆ ಸುದ್ದಿ ಮುಟ್ಟಿಸಿ, ಅನಿಲವನ್ನು ಬದಲಾಯಿಸಿ ಸಾವಿರಾರು ಜನರ ಜೀವ ಉಳಿಸುವವಳು ಅವಳೇ. ಚಿತ್ರದಲ್ಲಿ ಅದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ. ಆದರೆ ಅವಳು ಮನಸ್ಸು ಬದಲಿಸುವ ಗಳಿಗೆಯನ್ನು ನಮಗೆ ತೋರಿಸುವುದೇ ಇಲ್ಲ. ಕೊಟ್ಟಿಗೆಯ ಚುಂಬನ ಕಾಣುತ್ತದೆ, ಆಮೇಲೆ ಅದರ ಫಲ ಕಾಣುತ್ತದೆ. ಅವಳು ವಾಷಿಂಗ್ಟನ್‌ಗೆ ಯಾಕೆ ತಿಳಿಸಿದಳೆಂದು ಸಿಐಎ ಗೆಳೆಯ ಕೇಳಿದಾಗ, ಅವಳ ತಾಯಿಕರುಳಿಗೆ ತಟ್ಟಿರಬೇಕು ಎಂದು ಬಾಂಡ್ ತಮಾಷೆಯಲ್ಲಿ ತೇಲಿಸುತ್ತಾನೆ. ಚಿತ್ರಕತೆಯ ದೊಡ್ಡ ತೂತಿಗೆ ನಾಯಕನ ಮೋಡಿಯ ತೇಪೆ ಹಾಕಿದ್ದಾರೆ. ಆ ದೃಶ್ಯದಲ್ಲಿ ನೀವು ಕಂಡದ್ದು ಬಲವಂತವೇ. ಅದನ್ನು ಪ್ರೇಮವೆಂದು ಒಪ್ಪಿಸಲು ಹಿನ್ನೆಲೆ ಸಂಗೀತ ಬೇಕಾಯಿತು. ಧ್ವನಿ ಪೂರ್ತಿ ನಿಲ್ಲಿಸಿ, ಅವಳ ಕೈಗಳನ್ನಷ್ಟೇ ಗಮನಿಸುತ್ತಾ ಇನ್ನೊಮ್ಮೆ ನೋಡಿ.

ಈ ಮೋಡಿಯನ್ನು ಕಟ್ಟುವ ಬಗೆ ಮೊದಲ ಚಿತ್ರ ‘ಡಾಕ್ಟರ್ ನೋ’ದಲ್ಲೇ (1962) ಸಿದ್ಧವಾಗಿತ್ತು. ಲಂಡನ್ನಿನ ಜೂಜಿನ ಕ್ಲಬ್ಬು. ಬಾಂಡ್‌ನ ಮುಖ ತೋರಿಸುವುದಿಲ್ಲ. ಬೆನ್ನು, ಕೈ, ಇಸ್ಪೀಟೆಲೆ ಇಷ್ಟೇ. ಮುಖ ಕಾಣುವುದು ಎದುರು ಕೂತ, ಕೆಂಪು ಉಡುಪಿನ ಸಿಲ್ವಿಯಾ ಟ್ರೆಂಚ್‌ಳದ್ದು. ಸೋಲುತ್ತಿದ್ದರೂ ಮತ್ತೆ ಹಣ ತರಿಸಿ ಆಡುತ್ತಾಳೆ, ಕಣ್ಣು ಅವನ ಮೇಲೆ. ಅವನ ಅದೃಷ್ಟ ಮೆಚ್ಚಿ ಹೆಸರು ಕೇಳಿದ ಮೇಲಷ್ಟೇ, ಸಿಗರೇಟಿಗೆ ಕಿಡಿ ತಾಗಿಸುತ್ತಾ ಬಾಂಡ್ ಪಾತ್ರದ ಶಾನ್ ಕಾನರಿ ಮುಖ ಕೊಡುತ್ತಾನೆ. ಅಷ್ಟರಲ್ಲಿ ನಾವು ಅವನನ್ನು ಅವಳ ಕಣ್ಣಿಂದ ನೋಡಿಯಾಗಿದೆ. ಕೆಲ ಹೊತ್ತಿಗೆ ಅವಳು ತಾನಾಗಿ ಅವನ ಮನೆ ಹೊಕ್ಕು, ಅವನದೇ ಅಂಗಿ ತೊಟ್ಟು ಗಾಲ್ಫ್ ಚೆಂಡು ಹೊಡೆಯುತ್ತಾ ನಿಂತಿರುತ್ತಾಳೆ. ಕ್ರೌರ್ಯ ಬರುವುದು ಬಹಳ ಆಮೇಲೆ, ಗುಂಡು ಖಾಲಿಯಾದ ಪಿಸ್ತೂಲು ಹಿಡಿದ, ಖಳನ ಕಡೆಯ ಪ್ರೊಫೆಸರ್ ಡೆಂಟ್‌ನನ್ನು ಬಾಂಡ್ ಕೂತಲ್ಲಿಂದಲೇ ತಣ್ಣಗೆ ಕೊಲ್ಲುವಾಗ. ಈ ಎರಡು ದೃಶ್ಯಗಳನ್ನು ಹಿಂದುಮುಂದಾಗಿಸಿದ್ದರೆ ಅವನು ನಮಗೆ ಬರೀ ಕೊಲೆಗಡುಕನಾಗಿ ಕಾಣುತ್ತಿದ್ದ.

ಇನ್ನು ‘ಯಾಕೆ’ ಎಂಬುದಕ್ಕೆ. ಬಾಂಡ್‌ನನ್ನು ಸೃಷ್ಟಿಸಿದ ಲೇಖಕ ಇಯಾನ್ ಫ್ಲೆಮಿಂಗ್‌ರ ಮೊದಲ ಕಾದಂಬರಿ ‘ಕ್ಯಾಸಿನೊ ರಾಯಲ್’ ಬಂದದ್ದು 1953ರಲ್ಲಿ. ಯುದ್ಧ ಗೆದ್ದರೂ ಬ್ರಿಟನ್ನಿನಲ್ಲಿ ಮಾಂಸಕ್ಕೆ ಇನ್ನೂ ರೇಷನ್ ಇತ್ತು. ಭಾರತ ಕೈಬಿಟ್ಟು ಹೋಗಿ ಆರು ವರ್ಷವಾಗಿತ್ತು. ಒಳ್ಳೆಯ ಊಟ, ವೇಗದ ಕಾರು, ಯಾರಿಗೂ ತಲೆಬಾಗದ ಗತ್ತು, ಇವೆಲ್ಲ ಓದುವ ಗಂಡಸಿನ ಆಸೆಗಳು. ಹೆಣ್ಣಿನ ಮೆಚ್ಚುಗೆಯನ್ನೂ ಅದೇ ಪಟ್ಟಿಗೆ ಸೇರಿಸಿದರು. ‘ಇವನು ಗೆದ್ದವನು’ ಎಂದು ಗಂಡು ಪ್ರೇಕ್ಷಕನಿಗೆ ಕೊಡುವ ಸರ್ಟಿಫಿಕೇಟು ಅದು. ಆ ಹೆಣ್ಣಿಗೆ ನಿಜಕ್ಕೂ ಏನು ಬೇಕು ಎಂಬ ಪ್ರಶ್ನೆ ಬರೆಯುವವರ ಮೇಜಿಗೆ ಬರಲೇ ಇಲ್ಲ. ನನಗೆ ಇದರಲ್ಲಿ ಸಿಟ್ಟು ಬರಿಸುವುದು ಅದೇ.

ಪ್ರಶ್ನೆ: ಬಾಂಡ್‌ಗೆ ಮರುಳಾಗದ ಹೆಣ್ಣು ಈ ಚಿತ್ರಗಳಲ್ಲಿ ಒಬ್ಬಳೂ ಇಲ್ಲವೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಇದ್ದಾರೆ. ‘ಥಂಡರ್‌ಬಾಲ್’ನಲ್ಲಿ (1965) ಲುಸಿಯಾನಾ ಪಲುಜ್ಜಿ ನಟಿಸಿದ ಫಿಯೋನಾ ಅವನೊಡನೆ ರಾತ್ರಿ ಕಳೆದ ಮೇಲೂ ಶತ್ರುಪಕ್ಷದಲ್ಲೇ ಉಳಿಯುತ್ತಾಳೆ. ಬಾಂಡ್ ಜೊತೆ ಮಲಗಿದವಳು ಪಶ್ಚಾತ್ತಾಪಪಟ್ಟು ಒಳ್ಳೆಯವರ ಕಡೆ ಬಂದುಬಿಡಬೇಕೇ, ನಾನಂತೂ ಬರುವವಳಲ್ಲ ಎಂದು ಮುಖಕ್ಕೆ ಹೇಳುತ್ತಾಳೆ. ಹಿಂದಿನ ವರ್ಷದ ಕೊಟ್ಟಿಗೆ ದೃಶ್ಯಕ್ಕೆ ಸರಣಿಯೇ ಕೊಟ್ಟ ಉತ್ತರದಂತಿದೆ. ಬೇಸರವೆಂದರೆ, ಇದೇ ಚಿತ್ರದಲ್ಲಿ ಕೆಲಸ ಹೋಗುವ ಭಯದಲ್ಲಿರುವ ಚಿಕಿತ್ಸಾಲಯದ ಯುವತಿಗೆ, ತಾನು ಸುಮ್ಮನಿರಬೇಕಾದರೆ ಬೆಲೆ ತೆರಬೇಕು ಎಂದು ಬಾಂಡ್ ಸೂಚಿಸುವ ದೃಶ್ಯವೂ ಇದೆ. 2006ರ ‘ಕ್ಯಾಸಿನೊ ರಾಯಲ್’ನಲ್ಲಿ ಈವಾ ಗ್ರೀನ್ ನಟಿಸಿದ ವೆಸ್ಪರ್ ರೈಲಿನ ಊಟದ ಮೇಜಿನಲ್ಲೇ ಅವನನ್ನು ಅಳೆದು, ಅವನ ಗತ್ತಿನ ಹಿಂದಿನ ಅನಾಥ ಹುಡುಗನನ್ನು ಗುರುತಿಸುತ್ತಾಳೆ. ಅವಳ ಒಲವು ನಂಬುವಂತಿರುವುದು ಅದರಿಂದಲೇ.

ಪ್ರಶ್ನೆ: ಇಪ್ಪತ್ತು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ನಾಯಕ ಮಾತು ಕಡಿಮೆಯ, ಕಟುಕ ಸ್ವಭಾವದವನು. ನಾಯಕಿ ಅವನತ್ತ ವಾಲುತ್ತಾಳೆ. ಕಚ್ಚಾ ಎಡಿಟ್ ನೋಡಿದವರೆಲ್ಲ ‘ಇವನು ಬರೀ ಒರಟ, ಇವಳಿಗೇನು ತಲೆ ಕೆಟ್ಟಿದೆಯೇ’ ಅಂದರು. ಎಲ್ಲಿ ತಪ್ಪಿದೆ?
– ಹವ್ಯಾಸಿ ನಿರ್ದೇಶಕರು, ಧಾರವಾಡ

ಉತ್ತರ: ಮೊದಲು ದೃಶ್ಯಗಳ ಅನುಕ್ರಮ ನೋಡಿ. ಅವನ ಕಟುಕತನವೇ ಮೊದಲು ಬಂದಿದ್ದರೆ ಆಮೇಲೆ ಏನು ಮಾಡಿದರೂ ಅಳಿಸದು. ಮೊದಲ ಎರಡು ಮೂರು ನಿಮಿಷದಲ್ಲಿ ಅವನು ಒಂದು ಕೆಲಸವನ್ನು ಅಚ್ಚುಕಟ್ಟಾಗಿ, ಮಾತಿಲ್ಲದೆ ಮಾಡುವುದು ಕಾಣಲಿ, ಅದನ್ನು ನಾಯಕಿ ಗಮನಿಸಲಿ. ಅವನ ಗಡಸುತನ ತನಗಿಂತ ಬಲಶಾಲಿಯ ಎದುರು ಹೊರಬರಲಿ. ಹೋಟೆಲಿನ ಹುಡುಗನ ಮೇಲೆ ಒಮ್ಮೆ ರೇಗಿದರೂ ಸಾಕು, ಪ್ರೇಕ್ಷಕರು ಅವನನ್ನು ಕೈಬಿಡುತ್ತಾರೆ.

ನಟನೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ‘ತಣ್ಣಗಿರು’ ಎಂದು ಹೇಳಿದರೆ ನಟ ಎಲ್ಲೋ ನೋಡುತ್ತಾ ಬೇಸರದಲ್ಲಿ ಉತ್ತರಿಸುತ್ತಾನೆ. ಅದು ಉದಾಸೀನ. ಅವನ ಕಣ್ಣು ಎದುರಿನವಳ ಮೇಲೆ ನೆಟ್ಟಿರಬೇಕು, ದನಿ ಇಳಿದಿರಬೇಕು, ಉತ್ತರ ಒಂದು ಉಸಿರು ತಡವಾಗಿ ಬರಬೇಕು. ಅವಳು ಹಿಂದೆ ಹೇಳಿದ್ದೊಂದು ಸಣ್ಣ ಮಾತು ಅವನಿಗೆ ನೆನಪಿದೆ ಎಂಬುದು ಒಂದು ಕಡೆ ಗೊತ್ತಾಗಲಿ. ಅಂಥವನಿಂದ ಸಿಗುವ ಗಮನಕ್ಕೆ ಬೆಲೆ ಹೆಚ್ಚು; ಸೆಳೆತ ಹುಟ್ಟುವುದು ಅಲ್ಲಿ.

ಎಡಿಟಿಂಗಿನಲ್ಲಿ, ಅವನ ಮಾತು ಮುಗಿದ ಮೇಲೆ ನಾಯಕಿಯ ಕ್ಲೋಸಪ್ಪನ್ನು ಎರಡು ಮೂರು ಸೆಕೆಂಡ್ ಹಿಡಿಯಿರಿ. ತಕ್ಷಣ ಅವನಿಗೆ ಕತ್ತರಿಸಿದರೆ ಅವಳು ಏನು ತೂಗಿ ನೋಡಿದಳೆಂದು ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಅವಳ ಕೈಯಲ್ಲೂ ಒಂದು ಕೆಲಸವಿರಲಿ.

ಮುಖ್ಯ ದುರಸ್ತಿ ಕಾಗದದ ಮೇಲೆಯೇ ಆಗಬೇಕು. ನಾಯಕಿಯ ಮಾತಿನಲ್ಲೇ ಒಂದು ಪುಟ ಬರೆಯಿರಿ: ‘ಇವನಿಂದ ನನಗೆ ಬೇಕಾದ್ದೇನು? ಇವನ ಯಾವ ಗುಣ ನನಗೆ ಹೆದರಿಕೆ?’ ‘ಇಷ್ಟವಾದ’ ಎಂಬುದರ ಆಚೆ ಏನೂ ಹೊಳೆಯದಿದ್ದರೆ ಆ ಪಾತ್ರವನ್ನು ನೀವಿನ್ನೂ ಬರೆದಿಲ್ಲ ಎಂದರ್ಥ. ಅವಳು ಬೇಡವೆಂದಲ್ಲಿ ದೃಶ್ಯ ನಿಲ್ಲಲಿ. ಮುಂದಿನ ಹೆಜ್ಜೆ, ಇಟ್ಟರೆ, ಅವಳೇ ಇಡಲಿ. ಅವನ ಕ್ರೌರ್ಯಕ್ಕೆ ಅವನೂ ಒಂದು ಕಡೆ ಬೆಲೆ ತೆರಲಿ.

ಪ್ರಶ್ನೆ: ನಮ್ಮ ಕನ್ನಡದ ಬಾಂಡ್ ಚಿತ್ರಗಳಲ್ಲೂ ಹೀಗೆಯೇ ಇತ್ತೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ (1968) ಮತ್ತು ನಂತರದ ಸಿಐಡಿ 999 ಚಿತ್ರಗಳಲ್ಲಿ ಸೂಟು, ಪಿಸ್ತೂಲು, ಕ್ಲಬ್ ಹಾಡು ಎಲ್ಲ ಬಂದವು. ಹೆಣ್ಣನ್ನು ಬಳಸಿ ಬಿಸಾಡುವ ತಣ್ಣನೆಯ ಗುಣ ಬರಲಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ರಾಜಕುಮಾರ್ ಚಿತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ರಾಜಕುಮಾರ್ ನಟಿಸಿದ ಪತ್ತೇದಾರ, 999ನ ಪ್ರಕಾಶ್ ತುಂಟ, ಚುರುಕು, ಕಲ್ಲೆದೆಯವನಲ್ಲ.